ಬರುವವರಿಗೆ ಕೆಲಸ ಸಿದ್ಧವಿರಲಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಹೋದ ತಿಂಗಳು ನಮ್ಮ ಸಂಘದವರು ನನ್ನ ಕೈಗೆ ಒಂದು ಮನವಿ ಪತ್ರ ಕೊಟ್ಟು, ‘ನೀವು ಬೆಂಗಳೂರಿನಲ್ಲೇ ಇದ್ದೀರಿ, ಕಂಪನಿಗಳಿಗೆ ತಲುಪಿಸಿ’ ಎಂದರು. ಕಂಪ್ಯೂಟರ್, ಡೆಸ್ಕು, ಕಾಂಪೌಂಡು, ಶೌಚಾಲಯ ಎಲ್ಲವೂ ಅದರಲ್ಲಿತ್ತು. ಕೊನೆಯ ಸಾಲಿನಲ್ಲಿ ‘ತಮ್ಮ ಸಿಬ್ಬಂದಿಯನ್ನೂ ಸ್ವಯಂಸೇವೆಗೆ ಕಳಿಸಿಕೊಡಬೇಕು’ ಎಂದಿತ್ತು. ಯಾವ ಕೆಲಸಕ್ಕೆ, ಯಾವ ದಿನ, ಎಷ್ಟು ಜನ, ಒಂದೂ ಇರಲಿಲ್ಲ. ಆ ಕೊನೆಯ ಸಾಲಿನ ಬಗ್ಗೆಯೇ ಇವತ್ತು ನನ್ನ ಮಾತು.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. 2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ನೌಕರರು ಕೊಟ್ಟ ಸಮಯಕ್ಕೆ ಬೆಲೆ ಕಟ್ಟಿ ಈ ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂದು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ 2021ರಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ದುಡ್ಡು ಬರುವ ಬಾಗಿಲು ಬೇರೆ, ಜನ ಬರುವ ಬಾಗಿಲು ಬೇರೆ. ದುಡ್ಡಿನ ಅರ್ಜಿ ಕಚೇರಿಯ ಮೇಜಿಗೆ ಹೋಗುತ್ತದೆ. ಜನ ಬರುವುದು, ಒಬ್ಬ ನೌಕರ ಪಕ್ಕದ ಸೀಟಿನವನನ್ನು ‘ಶನಿವಾರ ಬರ್ತೀಯೇನೋ?’ ಎಂದು ಕೇಳಿದಾಗ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ನಾನಿರುವುದು ಹನುಮಂತನಗರದಲ್ಲಿ, ರಾಮಾಂಜನೇಯ ಗುಡ್ಡದ ಹತ್ತಿರ. ಅಲ್ಲಿ ನಾವು ಕೆಲವರು ಸೇರಿ ಸರ್ಕಾರಿ ಶಾಲೆಯ ಮಕ್ಕಳಿಗೆ ಸಂಜೆ ಪಾಠ ನಡೆಸುತ್ತೇವೆ. ಒಮ್ಮೆ ಒಂದು ಕಂಪನಿಯಿಂದ ಬಸ್ಸಿನ ತುಂಬ ಜನ ಬಂದರು. ಎಲ್ಲರದೂ ಒಂದೇ ಬಣ್ಣದ ಟೀ ಶರ್ಟು. ‘ಏನು ಮಾಡಬೇಕು ಸಾರ್?’ ಎಂದು ಕೇಳಿದರು. ‘ನೀವೇ ನೋಡಿ ಏನಾದರೂ ಮಾಡಿ’ ಎಂದೆ ನಾನು. ಎರಡು ವಾರದ ಹಿಂದಷ್ಟೇ ಬಣ್ಣ ಹೊಡೆಸಿದ್ದ ಗೋಡೆಗೆ ಅವರು ಮತ್ತೆ ಬಣ್ಣ ಹೊಡೆದರು. ಮಕ್ಕಳು ಒಂದು ದಿನದ ಪಾಠ ಬಿಟ್ಟು ಹೊರಗೆ ಬಿಸಿಲಿನಲ್ಲಿ ಕೂತಿದ್ದರು. ಫೋಟೋ ಆಯಿತು, ಬಸ್ಸು ಹೋಯಿತು. ಮರುವರ್ಷ ಯಾರೂ ಬರಲಿಲ್ಲ. ಬಹಳ ದಿನ ಆ ಕಂಪನಿಯವರನ್ನೇ ಬೈದುಕೊಂಡಿದ್ದೆ. ಆದರೆ ಅವರು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲದೆ ನಿಂತವನು ನಾನು.

ಉತ್ತರ ಇದ್ದವರು ಬೆಂಗಳೂರಿನಲ್ಲೇ ಇದ್ದರು. 2010ರಲ್ಲಿ ಶುರುವಾದ ‘ದಿ ಅಗ್ಲಿ ಇಂಡಿಯನ್’ ಎಂಬ ಗುಂಪಿನವರು ತಮ್ಮ ಹೆಸರನ್ನೂ ಹೇಳುವುದಿಲ್ಲ, ಭಾಷಣವನ್ನೂ ಮಾಡುವುದಿಲ್ಲ. ಕಸ ಸುರಿಯುವ ಒಂದು ಮೂಲೆ, ಒಂದು ತುಂಡು ಫುಟ್‌ಪಾತ್, ಅಷ್ಟನ್ನೇ ಹಿಡಿಯುತ್ತಾರೆ. ಪೊರಕೆ, ಗುದ್ದಲಿ, ಕೈಗವಸು, ಬಣ್ಣ ಮೊದಲೇ ತಯಾರಿರುತ್ತದೆ. ಬೆಳಿಗ್ಗೆ ಬಂದವನು ತಾನು ಮಾಡಿದ ಕೆಲಸವನ್ನು ಕಣ್ಣಾರೆ ನೋಡಿ ಮನೆಗೆ ಹೋಗುತ್ತಾನೆ. ಆಫೀಸಿನಲ್ಲಿ ವಾರವಿಡೀ ದುಡಿದರೂ ಏನು ಮುಗಿಯಿತೆಂದು ಕಾಣದವನಿಗೆ ಅದೇ ದೊಡ್ಡ ಸಂಬಳ.

ಎಲ್ಲ ಕೆಲಸವೂ ಬೀದಿಯಲ್ಲೇ ಆಗಬೇಕಿಲ್ಲ. ಬೆಂಗಳೂರಿನಲ್ಲಿ 1990ರಿಂದ ಇರುವ ‘ಮಿತ್ರ ಜ್ಯೋತಿ’ ಸಂಸ್ಥೆಯಲ್ಲಿ ಕಣ್ಣು ಕಾಣದವರಿಗಾಗಿ ಧ್ವನಿ ಪುಸ್ತಕಗಳ ಗ್ರಂಥಾಲಯವೇ ಇದೆ. ಪುಸ್ತಕ ಓದಿ ಧ್ವನಿ ಕೊಡುವವರಲ್ಲಿ ಸ್ವಯಂಸೇವಕರಿದ್ದಾರೆ. ಇಂಥ ಕೆಲಸದಲ್ಲಿ ಬರುವವನಿಗೆ ಗೊಂದಲವಿಲ್ಲ. ಪುಸ್ತಕ ಇದು, ಪುಟ ಇಷ್ಟು ಎಂದರೆ ಮುಗಿಯಿತು.

ಇದನ್ನು ನೋಡಿ ನಾವೂ ಕೆಲಸವನ್ನು ತುಂಡು ಮಾಡಿದೆವು. ಒಬ್ಬರಿಗೆ ಒಂದು ಮಗು, ವಾರಕ್ಕೆ ಒಂದು ಗಂಟೆ, ಆರು ವಾರ. ಒಂಬತ್ತನೇ ತರಗತಿಯ ಮಗುವಿನ ಜೊತೆ ಕೂತು ಇಂಗ್ಲಿಷ್ ಓದಿಸುವುದು. ‘ಸಮಾಜ ಸೇವೆಗೆ ಬನ್ನಿ’ ಎಂದಾಗ ನಕ್ಕು ಸುಮ್ಮನಾಗುತ್ತಿದ್ದವರು ಇದಕ್ಕೆ ಬಂದರು. ಆರು ವಾರ ಆದ ಮೇಲೆ, ಆ ಮಗು ಮೊದಲು ಎಷ್ಟು ಓದುತ್ತಿತ್ತು, ಈಗೆಷ್ಟು ಓದುತ್ತದೆ ಎಂದು ಅವರಿಗೆ ತಿಳಿಸಿದೆವು. ಆರು ವಾರಕ್ಕೆಂದು ಬಂದವರೊಬ್ಬರು ಮೂರು ವರ್ಷ ಉಳಿದರು. ಸರ್ಟಿಫಿಕೇಟ್ ಕೊಡಲು ಹೋದರೆ ‘ಅದೆಲ್ಲ ಬೇಡ, ಹುಡುಗಿ ಪಾಸಾದಳಾ ಹೇಳಿ’ ಎಂದರು.

ಗುರುಗಳೇ, ಈಗ ನಮ್ಮ ಶಾಲೆಯ ಮಾತಿಗೆ ಬರುತ್ತೇನೆ. ಕಂಪನಿಯವರ ಪಂಚಾಂಗ ಬೇರೆ, ನಮ್ಮ ಪಂಚಾಂಗ ಬೇರೆ. ಅಕ್ಟೋಬರ್ 2ರಿಂದ 8ರವರೆಗೆ ದೇಶದಲ್ಲಿ ‘ದಾನ್ ಉತ್ಸವ್’ ಎಂಬ ವಾರ ನಡೆಯುತ್ತದೆ. 2009ರಲ್ಲಿ ಶುರುವಾದದ್ದು. ಆಗ ಕಂಪನಿಗಳಲ್ಲಿ ಸೇವೆಗೆ ಹುರುಪು ಜಾಸ್ತಿ. ನಮ್ಮಲ್ಲಿ ಸಾಮಾನ್ಯವಾಗಿ ಅದೇ ಹೊತ್ತಿಗೆ ದಸರಾ ರಜೆ, ಶಾಲೆಗೆ ಬೀಗ! ನಮಗೆ ಜನ ಬೇಕಾಗುವುದು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ, ಅಂದರೆ ಫೆಬ್ರವರಿ, ಮಾರ್ಚಿನಲ್ಲಿ. ಅವರಿಗೆ ಆಗ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಆದ್ದರಿಂದ ಜುಲೈನಲ್ಲೇ ಕೇಳಬೇಕು, ಜುಲೈನಲ್ಲೇ ಶುರು ಮಾಡಬೇಕು. ಶನಿವಾರ ನಮಗೆ ಬೆಳಗಿನ ಶಾಲೆ, ಬಹಳಷ್ಟು ಕಂಪನಿಗಳಿಗೆ ರಜೆ. ಬೆಲ್ ಹೊಡೆದ ಮೇಲಿನ ಒಂದೂವರೆ ಗಂಟೆ ನಮಗೆ ಸಿಗುವ ಹೊತ್ತು.

ಇನ್ನೊಂದು ಕಷ್ಟ ಭಾಷೆಯದು. ನಮ್ಮದು ಕನ್ನಡ ಮಾಧ್ಯಮ. ಹೊರರಾಜ್ಯದಿಂದ ಬಂದ ಎಂಜಿನಿಯರ್ ಎಷ್ಟೇ ಜಾಣರಾದರೂ ವಿಜ್ಞಾನ ಹೇಳಿಕೊಡಲು ತೊಡಕಾಗುತ್ತದೆ. ಕನ್ನಡ ಗೊತ್ತಿರುವ, ಈ ಊರಿನ ಹಾದಿ ಗೊತ್ತಿರುವ, ಕಂಪನಿಯಲ್ಲಿ ಕೆಲಸ ಮಾಡುವ ಜನ ಎಲ್ಲಿದ್ದಾರೆ? ಈ ಶಾಮಿಯಾನದ ಕೆಳಗೇ ಕೂತಿದ್ದೀರಿ. ಮೊದಲು ನೀವು ಬನ್ನಿ. ಎರಡನೇ ಸಲ ಬರುವಾಗ ಪಕ್ಕದ ಸೀಟಿನವರನ್ನು ಕರೆತನ್ನಿ.

ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಬಂದವರನ್ನು ಎದುರುಗೊಳ್ಳಲು ಒಬ್ಬರ ಹೆಸರು, ಒಂದು ಫೋನ್ ನಂಬರ್ ಇರಲಿ. ಹಾರ ತುರಾಯಿ ಬೇಡ. ಎಷ್ಟೇ ಪರಿಚಯದವರಾಗಿರಲಿ, ಮಗುವಿನ ಜೊತೆ ಒಬ್ಬರನ್ನೇ ಮುಚ್ಚಿದ ಕೋಣೆಯಲ್ಲಿ ಕೂರಿಸಬೇಡಿ. ತಂದೆ ತಾಯಿಯನ್ನು ಕೇಳದೆ ಮಕ್ಕಳ ಫೋಟೋ ತೆಗೆಯಲು ಬಿಡಬೇಡಿ. ‘ಗೋಡೆಗೆ ಬಣ್ಣ ಹೊಡೆಯುತ್ತೇವೆ’ ಎಂದು ಯಾರಾದರೂ ಬಂದರೆ, ಗೋಡೆ ಚೆನ್ನಾಗಿದ್ದರೆ, ಬೇಡವೆನ್ನಿ. ಅವರಿಗೇನೂ ಬೇಸರವಾಗುವುದಿಲ್ಲ, ಬೇರೆ ಕೆಲಸ ತೋರಿಸಿದರೆ ಆಯಿತು.

ಗಣಿತದ ಮೇಷ್ಟ್ರ ಹತ್ತಿರ ಬೆಳಿಗ್ಗೆ ಮಾತಾಡಿದ್ದೇನೆ. ಹತ್ತನೇ ತರಗತಿಗೆ ಶನಿವಾರ ಇಬ್ಬರು ಬೇಕಂತೆ. ಇಂಗ್ಲಿಷ್ ಓದಿಸಲು ನಾಲ್ಕು ಜನ. ಲೈಬ್ರರಿಯ ಪುಸ್ತಕ ಪಟ್ಟಿ ಮಾಡಲು ಒಬ್ಬರು, ಎರಡೇ ದಿನದ ಕೆಲಸ. ಹಾಳೆ ಆ ಊಟದ ಟೋಕನ್ ಕೊಡುವ ಮೇಜಿನ ಮೇಲಿದೆ, ಪೆನ್ನನ್ನು ದಾರದಿಂದ ಕಟ್ಟಿದ್ದೇವೆ. ಮೊದಲ ಹೆಸರು ನನ್ನದು ಬರೆದಿದ್ದೇನೆ, ಎರಡನೇ ಶನಿವಾರ, ಇಂಗ್ಲಿಷ್.