ಜಠರಪಟ್ಟಿಯೊಡನೆ ಬಾಳುವೆ



ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಕೊಲೆಸ್ಟರಾಲ್ ಇವುಗಳನ್ನು ಕುರಿತು ನಮ್ಮವರು ಊಟದ ಪಂಕ್ತಿಯಲ್ಲಿ ಕುಳಿತೇ ಮಾತನಾಡಿಕೊಳ್ಳುತ್ತಾರೆ. ಆದರೆ ತೂಕ ಇಳಿಸುವುದಕ್ಕಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಅದನ್ನು ಒಡಹುಟ್ಟಿದವರಿಗೂ ತಿಳಿಸದಿರುವುದುಂಟು. ಈ ಮೌನ ಅವರಿಗೆ ಅಪಾಯವನ್ನೂ ತರಬಲ್ಲುದೆಂಬುದನ್ನು ವೈದ್ಯರಾದ ನಾವು ಕಂಡಿದ್ದೇವೆ. ಆದುದರಿಂದಲೇ ಇಂದಿನ ಉಪನ್ಯಾಸಕ್ಕೆ 'ಗ್ಯಾಸ್ಟ್ರಿಕ್ ಬ್ಯಾಂಡ್', ಅಂದರೆ ಜಠರಪಟ್ಟಿಯ ವಿಷಯವನ್ನು ಆಯ್ದುಕೊಂಡಿದ್ದೇವೆ. ಪಟ್ಟಿ ಇರುವುದು ಒಬ್ಬರ ಹೊಟ್ಟೆಯಲ್ಲಿಯಾದರೂ ಅದರೊಡನೆ ಬಾಳಬೇಕಾದವರು ಮನೆಮಂದಿಯೆಲ್ಲರೂ ಎಂಬುದೇ ನಮ್ಮ ಮುಖ್ಯ ಅರಿಕೆ.

ಜಠರಪಟ್ಟಿಯೆಂದರೆ ಸಿಲಿಕೋನಿನಿಂದ ಮಾಡಿದ ಒಂದು ಉಂಗುರ. ಅನ್ನನಾಳವು ಜಠರವನ್ನು ಸೇರುವ ಸ್ಥಳಕ್ಕಿಂತ ತುಸು ಕೆಳಗೆ, ಜಠರದ ಮೇಲ್ಭಾಗದ ಸುತ್ತ ಅದನ್ನು ತೊಡಿಸುತ್ತಾರೆ. ಪಟ್ಟಿಯ ಮೇಲುಗಡೆ ಒಂದೆರಡು ದೊಡ್ಡ ಚಮಚೆಯಷ್ಟು ಆಹಾರ ಹಿಡಿಸುವ ಪುಟ್ಟ ಚೀಲವೊಂದು ಉಳಿಯುತ್ತದೆ. ಉಂಗುರದ ಒಳಮೈಯಲ್ಲಿ ಸೈಕಲ್ ಟ್ಯೂಬಿನಂತಹ ಪೊಳ್ಳು ಇದೆ. ಅಲ್ಲಿಂದ ಹೊರಟ ಸಣ್ಣ ನಳಿಕೆ ಹೊಟ್ಟೆಯ ಚರ್ಮದಡಿಯಲ್ಲಿ ಹುದುಗಿಸಿದ 'ಪೋರ್ಟ್' ಎಂಬ ಗುಂಡಿಯಂತಹ ಸಾಧನವನ್ನು ಸೇರುತ್ತದೆ. ವೈದ್ಯರು ವಿಶೇಷ ಸೂಜಿಯ ಮೂಲಕ ಪೋರ್ಟಿಗೆ ಲವಣದ್ರಾವಣವನ್ನು ತುಂಬಿದರೆ ಪಟ್ಟಿ ಬಿಗಿಯಾಗುತ್ತದೆ, ಹಿಂದಕ್ಕೆ ಎಳೆದರೆ ಸಡಿಲವಾಗುತ್ತದೆ. ಜಠರವನ್ನು ಕತ್ತರಿಸುವುದಿಲ್ಲ, ಕರುಳಿನ ದಾರಿಯನ್ನು ಬದಲಿಸುವುದಿಲ್ಲ. ಸರಿಯಾದ ಬಿಗಿಯಲ್ಲಿರುವ ಪಟ್ಟಿ ಸ್ವಲ್ಪ ಆಹಾರದಿಂದಲೇ 'ಸಾಕು' ಎಂಬ ಸೂಚನೆಯನ್ನು ಮಿದುಳಿಗೆ ಮುಟ್ಟಿಸುತ್ತದೆ.

ಇದರ ಇತಿಹಾಸದಲ್ಲಿ ನಮ್ಮಂತಹ ವಲಸಿಗರಿಗೆ ಹೆಮ್ಮೆ ತರುವ ಸಂಗತಿಯೊಂದಿದೆ. ಹಿಗ್ಗಿಸಿ ಕುಗ್ಗಿಸಬಹುದಾದ ಪಟ್ಟಿಯನ್ನು 1986ರಲ್ಲಿ ರೋಗಿಗೆ ತೊಡಿಸಿದವರು ಉಕ್ರೇನ್ ಮೂಲದಿಂದ ಬಂದು ನ್ಯೂಜೆರ್ಸಿಯಲ್ಲಿ ನೆಲಸಿದ್ದ ಡಾ. ಲುಬೊಮಿರ್ ಕುಜ್ಮಾಕ್. 1993ರಲ್ಲಿ ಬೆಲ್ಜಿಯಂ ದೇಶದಲ್ಲಿ, ಹೊಟ್ಟೆಯನ್ನು ಅಗಲವಾಗಿ ಕೊಯ್ಯದೆ ಉದರದರ್ಶಕದ ನೆರವಿನಿಂದ ಅದನ್ನು ಅಳವಡಿಸಿದವರು ಇಥಿಯೋಪಿಯಾದಲ್ಲಿ ಜನಿಸಿದ ಡಾ. ಮಿತಿಕು ಬೆಲಾಚೆವ್. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2001ರಲ್ಲಿ ಅನುಮತಿ ನೀಡಿದ ಬಳಿಕ ಈ ದೇಶದಲ್ಲಿಯೂ ಪಟ್ಟಿ ಬಹು ಜನಪ್ರಿಯವಾಯಿತು. 2011ರ ಹೊತ್ತಿಗೆ ಇಲ್ಲಿ ನಡೆಯುತ್ತಿದ್ದ ತೂಕ ಇಳಿಸುವ ಶಸ್ತ್ರಚಿಕಿತ್ಸೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಇದೇ ಆಗಿತ್ತು. 2018ರ ವೇಳೆಗೆ ಅದು ನೂರಕ್ಕೆ ಒಂದರಷ್ಟಕ್ಕೆ ಇಳಿಯಿತು. ತೂಕ ಇಳಿಯುವ ಪ್ರಮಾಣ ಇತರ ಶಸ್ತ್ರಚಿಕಿತ್ಸೆಗಳಿಗಿಂತ ಕಡಿಮೆಯೆಂದೂ, ವರ್ಷಗಳು ಕಳೆದಂತೆ ಅನೇಕರಿಗೆ ಮರುಶಸ್ತ್ರಚಿಕಿತ್ಸೆ ಬೇಕಾಗುತ್ತದೆಂದೂ ಅನುಭವ ತೋರಿಸಿತು. ಹೊಸದಾಗಿ ಪಟ್ಟಿ ಹಾಕಿಸಿಕೊಳ್ಳುವವರು ಇಂದು ವಿರಳ. ಆದರೆ ಆ ಹತ್ತು ಹನ್ನೆರಡು ವರ್ಷಗಳಲ್ಲಿ ಹಾಕಿಸಿಕೊಂಡವರು ನಮ್ಮ ನಡುವೆಯೇ ಇದ್ದಾರೆ. ಅವರನ್ನು ನೆನೆದೇ ಈ ಮಾತುಗಳನ್ನು ಆಡುತ್ತಿದ್ದೇವೆ.

ಮೊದಲು ಊಟದ ವಿಚಾರ. ರಾಗಿಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ಹಳೆಯ ಮೈಸೂರು ಸೀಮೆಯ ನಮಗೆಲ್ಲ ಬಾಲ್ಯದಲ್ಲಿಯೇ ಕಲಿಸಿದ್ದಾರೆ. ಪಟ್ಟಿಯುಳ್ಳವರು ಈ ಪಾಠವನ್ನು ಮರೆಯಬೇಕಾಗುತ್ತದೆ. ನುಂಗಿದ ಮುದ್ದೆ, ಅಂಟಂಟಾದ ಅನ್ನ, ಮೆತ್ತನೆಯ ಬ್ರೆಡ್ಡು, ಚಪಾತಿ, ನಾರುಳ್ಳ ತರಕಾರಿ, ಒಣಗಿದ ಮಾಂಸ ಇವು ಪಟ್ಟಿಯ ಬಾಯಲ್ಲಿ ಸಿಕ್ಕಿಕೊಳ್ಳಬಹುದು. ಆಗ ಎದೆಯ ನಡುವೆ ಒತ್ತಿದಂತಾಗಿ, ಬಾಯಿ ತುಂಬ ಜೊಲ್ಲು ಬಂದು, ಕೊನೆಗೆ ತಿಂದದ್ದು ಹಿಂದಕ್ಕೆ ಬರುತ್ತದೆ. ತುತ್ತು ಕಡಲೆಕಾಳಿನಷ್ಟಿರಬೇಕು, ಚೆನ್ನಾಗಿ ನುಣ್ಣಗಾಗುವವರೆಗೆ ಅಗಿಯಬೇಕು, ಒಂದು ತುತ್ತು ಇಳಿದ ಮೇಲೆಯೇ ಇನ್ನೊಂದನ್ನು ಎತ್ತಬೇಕು. ಹಸಿವು ಅಡಗಿದೊಡನೆ, ತಟ್ಟೆಯಲ್ಲಿ ಉಳಿದಿದ್ದರೂ ಸರಿಯೇ, ಕೈ ತೊಳೆಯಬೇಕು. ಜಾಗ ಕಡಿಮೆಯಿರುವುದರಿಂದ ತೊವ್ವೆ, ಗಟ್ಟಿ ಮೊಸರು, ಪನೀರು, ತಿನ್ನುವವರಿಗೆ ಮೊಟ್ಟೆ, ಮೀನು ಇಂತಹ ಪ್ರೋಟೀನುಳ್ಳ ಪದಾರ್ಥಗಳಿಗೆ ಮೊದಲ ಸ್ಥಾನ. ದಿನಕ್ಕೆ 60 ಗ್ರಾಂ ಪ್ರೋಟೀನು ಸಾಮಾನ್ಯವಾಗಿ ಹೇಳುವ ಗುರಿ. ಜೀವಸತ್ವದ ಮಾತ್ರೆಯನ್ನು ಬಿಡಬಾರದು. ಸಸ್ಯಾಹಾರಿಗಳು ಬಿ12ರ ಪರೀಕ್ಷೆಯನ್ನೂ ಮಾಡಿಸಿಕೊಳ್ಳತಕ್ಕದ್ದು.

ಪಟ್ಟಿ ತಡೆಯಲಾರದ ಪದಾರ್ಥಗಳೂ ಉಂಟು. ಪಾಯಸ, ಐಸ್‌ಕ್ರೀಮು, ಹಣ್ಣಿನ ರಸ, ಸಕ್ಕರೆ ಬೆರೆಸಿದ ಕಾಫಿ, ಬಾಯಲ್ಲಿಟ್ಟರೆ ಕರಗುವ ಮೈಸೂರುಪಾಕು ಇವೆಲ್ಲ ಕಾವಲುಗಾರನ ಕಣ್ಣು ತಪ್ಪಿಸಿ ಜಾರಿಹೋಗುತ್ತವೆ. ಹೀಗಿರುವುದರಿಂದ 'ಇನ್ನಷ್ಟು ಬಿಗಿ ಮಾಡಿ ಡಾಕ್ಟರೇ' ಎಂಬ ಬೇಡಿಕೆ ಎಷ್ಟೋ ಸಲ ತಿರುಗುಬಾಣವಾಗುತ್ತದೆ. ಪಟ್ಟಿ ಅತಿಯಾಗಿ ಬಿಗಿಯಾದರೆ ಬೇಳೆ, ಪಲ್ಯ ಇಳಿಯುವುದಿಲ್ಲ, ಸಿಹಿ ಮಾತ್ರ ಇಳಿಯುತ್ತದೆ. ಒಂದು ಕಡೆ ವಾಂತಿ, ಇನ್ನೊಂದು ಕಡೆ ತೂಕದ ಏರಿಕೆ. ಇಂತಹವರಿಗೆ ಬೇಕಾದುದು ಬಿಗಿಯಲ್ಲ, ಸಡಿಲಿಕೆ.

ಇನ್ನು ನಮ್ಮ ಉಪಚಾರದ ವಿಷಯ. 'ಸಂಕೋಚ ಮಾಡಿಕೊಳ್ಳಬೇಡಿ, ಇನ್ನೊಂದೇ ಒಂದು ಹೋಳಿಗೆ' ಎನ್ನುವುದು ನಮ್ಮ ಸಂಸ್ಕೃತಿಯ ಸವಿಯಾದ ಮಾತು. ಪಟ್ಟಿಯುಳ್ಳ ಅತಿಥಿಗೆ ಆ ಒಂದು ಹೋಳಿಗೆಯ ಫಲವಾಗಿ ಅರ್ಧ ಗಂಟೆ ಬಚ್ಚಲುಮನೆಯಲ್ಲಿ ಕಳೆಯಬೇಕಾಗಬಹುದು. ಬಡಿಸುವವರ ಮನಸ್ಸು ನೋಯಬಾರದೆಂದು ನುಂಗುವವರು, ಯಾರಾದರೂ ಕೇಳಿಯಾರೆಂದು ಹಬ್ಬದೂಟಕ್ಕೇ ಬರುವುದನ್ನು ಬಿಟ್ಟವರು, ಇಬ್ಬರನ್ನೂ ನಾವು ಬಲ್ಲೆವು. ಪರದೇಶದಲ್ಲಿ ಕೂಟದ ಊಟವೇ ನೆಂಟಸ್ತನವಾಗಿರುವಾಗ, ಅದನ್ನು ಬಿಟ್ಟವರು ಒಂಟಿಯಾಗುತ್ತಾರೆ. ಒಮ್ಮೆ ಕೇಳಿ, ಬೇಡವೆಂದರೆ ಅಲ್ಲಿಗೆ ಬಿಡುವುದು ಬಡಿಸುವವರ ಧರ್ಮ. 'ಇಷ್ಟೇ ಏಕೆ?' ಎಂದು ಪಂಕ್ತಿಯ ನಡುವೆ ಕೇಳದಿರುವುದು ನೆರೆಯವರ ಧರ್ಮ. ಉಣ್ಣುವವರಾದರೋ ಎಲ್ಲರಿಗೂ ಹೇಳಬೇಕಾಗಿಲ್ಲ, ಮನೆಯೊಡತಿಯೊಬ್ಬರ ಕಿವಿಗೆ ಹಾಕಿದರೆ ಸಾಕು. ಮಕ್ಕಳ ಮುಂದೆ ಇದನ್ನು ನಾಚಿಕೆಯ ವಿಷಯವೆಂಬಂತೆ ಪಿಸುಗುಟ್ಟುವುದೂ ತರವಲ್ಲ. ಬೊಜ್ಜು ನಡತೆಗೇಡಲ್ಲ, ಅದೊಂದು ಕಾಯಿಲೆ.

ಎಲ್ಲಕ್ಕಿಂತ ಮಿಗಿಲಾದುದು ಜೀವಮಾನದುದ್ದಕ್ಕೂ ನಡೆಯಬೇಕಾದ ತಪಾಸಣೆ. ನಮ್ಮಲ್ಲಿಗೆ ಬಂದ ಗೃಹಿಣಿಯೊಬ್ಬರು 2006ರಲ್ಲಿ ಪಟ್ಟಿ ಹಾಕಿಸಿಕೊಂಡಿದ್ದರು. ಊರು ಬದಲಾದ ಮೇಲೆ ಅದನ್ನು ಯಾರಿಗೂ ತೋರಿಸಿರಲಿಲ್ಲ, ಹೊಸ ವೈದ್ಯರಿಗೆ ಹೇಳಿಯೂ ಇರಲಿಲ್ಲ. ಮೂರು ದಿಂಬುಗಳನ್ನಿಟ್ಟುಕೊಂಡು ಮಲಗುತ್ತಿದ್ದರು. ರಾತ್ರಿಯ ಕೆಮ್ಮಿಗೆ ಅಸ್ತಮಾ ಔಷಧ ನಡೆದಿತ್ತು. ಬೇರಿಯಂ ಕುಡಿಸಿ ಎಕ್ಸ್‌-ರೇ ತೆಗೆದಾಗ ಪಟ್ಟಿಯ ಮೇಲೆ ಅನ್ನನಾಳ ಹಿಗ್ಗಿ, ಆಹಾರ ಅಲ್ಲಿಯೇ ನಿಂತಿದ್ದುದು ಕಂಡುಬಂತು. ಪಟ್ಟಿಯ ದ್ರವವನ್ನು ತೆಗೆದ ಕೆಲವೇ ವಾರಗಳಲ್ಲಿ ಕೆಮ್ಮು ನಿಂತಿತು. ರಾತ್ರಿಯ ಕೆಮ್ಮು, ಎದೆಯುರಿ, ಮಲಗಿದಾಗ ಆಹಾರ ಬಾಯಿಗೆ ಬರುವುದು ಇವು ಪಟ್ಟಿಯೊಡನೆ ಸಹಿಸಿಕೊಂಡಿರಬೇಕಾದ ತೊಂದರೆಗಳಲ್ಲ. ಪಟ್ಟಿ ಜಾರಬಹುದು, ಜಠರದ ಗೋಡೆಯನ್ನು ಕೊರೆದು ಒಳಸೇರಬಹುದು, ನಳಿಕೆ ಸೋರಬಹುದು. ಇದ್ದಕ್ಕಿದ್ದಂತೆ ಹಸಿವು ಹೆಚ್ಚಿ ತೂಕ ಏರತೊಡಗಿದರೂ ಅದನ್ನು ಮನಸ್ಸಿನ ದೌರ್ಬಲ್ಯವೆಂದು ಹಳಿಯುವ ಮೊದಲು ಪಟ್ಟಿಯನ್ನು ಪರೀಕ್ಷಿಸಿಕೊಳ್ಳಿ.

ನೀರೂ ಇಳಿಯದಿದ್ದರೆ, ಮೇಲುಹೊಟ್ಟೆಯಲ್ಲಿ ತೀವ್ರ ನೋವು ಕಾಣಿಸಿಕೊಂಡರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಹಲವು ದಿನ ವಾಂತಿಯಾದವರಲ್ಲಿ ಬಿ1 ಜೀವಸತ್ವ ಬರಿದಾಗಿ ನರಗಳಿಗೂ ಮಿದುಳಿಗೂ ಧಕ್ಕೆಯಾಗುವ ಸಂಭವವಿದೆ. ಊರಿಗೆ ಹೋಗುವಾಗ ಪಟ್ಟಿಯ ಹೆಸರು, ತುಂಬಿದ ದ್ರವದ ಪ್ರಮಾಣ, ಕೊನೆಯ ತಪಾಸಣೆಯ ದಿನಾಂಕ ಇವನ್ನು ಬರೆದ ಚೀಟಿ ಪಾಸ್‌ಪೋರ್ಟಿನ ಜೊತೆಗಿರಲಿ. ಅಲ್ಲಿ ನೀರು ಒಗ್ಗದೆ ವಾಂತಿ ಹತ್ತಿದರೆ, ಆ ಒತ್ತಡಕ್ಕೆ ಪಟ್ಟಿ ಜಾರುವ ಅಪಾಯವಿದೆ. ಸಕ್ಕರೆ ಕಾಯಿಲೆಯುಳ್ಳವರ ತೂಕ ಇಳಿದಂತೆ ಇನ್ಸುಲಿನ್, ಮಾತ್ರೆಗಳ ಪ್ರಮಾಣವನ್ನೂ ವೈದ್ಯರು ಇಳಿಸಬೇಕಾಗಬಹುದು. ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳನ್ನು ಕೇಳದೆ ನುಂಗಬಾರದು. ನಿಧಾನವಾಗಿ ಕರಗಲೆಂದು ಮಾಡಿದ ಮಾತ್ರೆಗಳನ್ನು ಪುಡಿಮಾಡಲೂಬಾರದು.

ಪಟ್ಟಿ ತೆಗೆಸಬೇಕಾಗಿ ಬಂದರೆ ಅದು ಸೋಲಲ್ಲ. ತೆಗೆದ ಮೇಲೆ ತೂಕ ಮರಳುವುದು ಸಾಮಾನ್ಯವಾದ್ದರಿಂದ, ಮುಂದಿನ ದಾರಿಯನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಜಾಣತನ. ಇಂದು ಜಠರದ ಒಂದು ಪಾಲನ್ನು ತೆಗೆಯುವ ಸ್ಲೀವ್ ಶಸ್ತ್ರಚಿಕಿತ್ಸೆ ಇದೆ, ಬೈಪಾಸ್ ಇದೆ. ತೂಕ ಇಳಿಸಲೆಂದೇ ಈ ದೇಶದಲ್ಲಿ 2021ರಲ್ಲಿ ಅನುಮತಿ ಪಡೆದ ಸೆಮಾಗ್ಲುಟೈಡ್, 2023ರಲ್ಲಿ ಪಡೆದ ಟಿರ್ಜೆಪಟೈಡ್ ಔಷಧಗಳೂ ಇವೆ. ಯಾವುದು ಯಾರಿಗೆ ಹೊಂದುತ್ತದೆಂಬುದನ್ನು ಅವರವರ ವೈದ್ಯರೇ ನೋಡಿ ಹೇಳಬೇಕು.

ಇಲ್ಲಿರುವವರಲ್ಲಿ ಯಾರಿಗೆ ಪಟ್ಟಿಯಿದೆಯೆಂದು ನಾವು ಕೇಳುವುದಿಲ್ಲ. ಇದ್ದವರು ಈ ತಿಂಗಳೊಳಗೆ ಒಮ್ಮೆ ತಪಾಸಣೆ ಮಾಡಿಸಿಕೊಳ್ಳಲಿ, ಇಲ್ಲದವರು ಮುಂದಿನ ಹಬ್ಬದಲ್ಲಿ ಬಡಿಸುವಾಗ ಸೌಟನ್ನು ತುಸು ತಡೆಯಲಿ ಎಂಬಿಷ್ಟೇ ನಮ್ಮ ಪ್ರಾರ್ಥನೆ.