ಸೆರಗಿನ ಗಂಟಿನ ಲೆಕ್ಕ



ಜೇವರ್ಗಿ ಸೀಮೆಯ ಕೊಳಕೂರದಲ್ಲಿದ್ದ ನನ್ನ ಸೋದರತ್ತೆಯ ಒಂದು ತಗಡಿನ ಡಬ್ಬಿಯಿಂದ ಈ ಮಾತನ್ನು ಆರಂಭಿಸುತ್ತೇನೆ. ಮೊದಲು ಅದರಲ್ಲಿ ಎಲೆ ಅಡಿಕೆ ಇರುತ್ತಿದ್ದವು. ಅರವತ್ತು ದಾಟಿದ ಮೇಲೆ ಅವುಗಳ ಜಾಗದಲ್ಲಿ ಗುಳಿಗೆಗಳು ಬಂದು ಕುಳಿತವು. ಅತ್ತೆಗೆ ಮೂರು ಬೇನೆಗಳು: ಸಕ್ಕರೆ, ರಕ್ತದೊತ್ತಡ, ದಮ್ಮು. ಮೊದಲೆರಡನ್ನು ಜೇವರ್ಗಿಯ ವೈದ್ಯರೊಬ್ಬರು ನೋಡುತ್ತಿದ್ದರು. ದಮ್ಮಿಗಾಗಿ ಭೀಮೆಯನ್ನು ದಾಟಿ ಕಲಬುರಗಿಗೆ ಹೋಗಬೇಕಾಗಿತ್ತು. ಇಬ್ಬರೂ ಬೇನೆಗೆ ತಕ್ಕ ಮದ್ದನ್ನೇ ಬರೆದರು. ಆದರೆ ಎಲ್ಲ ಚೀಟಿಗಳ ಮೊತ್ತವನ್ನು ಕೂಡಿಸಿ ನೋಡಿದವರು ಯಾರೂ ಇರಲಿಲ್ಲ. ಆ ಲೆಕ್ಕ ನಡೆದುದು ಅತ್ತೆಯ ಸೆರಗಿನ ಗಂಟಿನಲ್ಲಿ.

ಅದು ಒಣಭೂಮಿಯ ಮನೆತನ. ತೊಗರಿಯ ರಾಶಿಯಾದಾಗ ವರ್ಷಕ್ಕೊಮ್ಮೆ ಕೈಗೆ ಹಣ. ಗುಳಿಗೆಯಾದರೋ ದಿನದಿನವೂ ಬೇಕು. ಮಗನನ್ನು ಪದೇಪದೇ ಕೇಳಲು ಅತ್ತೆಗೆ ಸಂಕೋಚ. ಹೀಗಾಗಿ ತಾವೇ ಒಂದು ತೀರ್ಮಾನಕ್ಕೆ ಬಂದರು. ದಮ್ಮಿನ ಔಷಧ ಮಾತ್ರ ತಪ್ಪಬಾರದು. ಸಕ್ಕರೆಯದು ದಿನ ಬಿಟ್ಟು ದಿನ. ರಕ್ತದೊತ್ತಡದ್ದು ಪೂರ್ತಿ ನಿಂತಿತು. ಒಂದು ದೀಪಾವಳಿಯಲ್ಲಿ ನಾನು ಡಬ್ಬಿಯನ್ನು ತೆರೆದು ನೋಡಿ ಕೇಳಿದೆ. "ತಮ್ಮಾ, ದಮ್ಮು ಮಾತಾಡ್ತದ, ಬಿಪಿ ಮಾತಾಡಂಗಿಲ್ಲ. ಮಾತಾಡೋದಕ್ಕ ಮೊದಲ ಕೊಡಬೇಕಲ್ಲ?" ಎಂದರು. ಮಾತು ಚೆನ್ನಾಗಿದೆ ಎಂದು ನಾನು ನಕ್ಕು ಸುಮ್ಮನಾದೆ. ಸಂಕ್ರಾಂತಿ ಕಳೆದ ಕೆಲವೇ ದಿನಗಳಲ್ಲಿ ಲಕ್ವಾ ಹೊಡೆಯಿತು. ಮಾತಾಡದ ಬೇನೆ ಅತ್ತೆಯ ಮಾತನ್ನೇ ಕಸಿದುಕೊಂಡಿತ್ತು.

ಆ ನಗುವಿಗಾಗಿ ನಾನು ಇಂದಿಗೂ ನಾಚುತ್ತೇನೆ. ಏಕೆಂದರೆ ಅತ್ತೆ ನಿಲ್ಲಿಸಿದ್ದ ಗುಳಿಗೆ ಅಮ್ಲೋಡಿಪಿನ್. ಅದು ಹಳೆಯ ಮದ್ದು, ಅಗ್ಗದ ಮದ್ದು. ಸರ್ಕಾರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುವಂಥದು. ಆದರೆ ಚೀಟಿಯಲ್ಲಿ ಇದ್ದುದು ಕಂಪನಿಯ ಹೆಸರು. ಎರಡೂ ಒಂದೇ ಎಂದು ಆಕೆಗೆ ತಿಳಿಸಿದವರಿಲ್ಲ. ತಿಳಿದಿದ್ದ ನಾನು ಬಾಯಿ ಬಿಡಲಿಲ್ಲ.

ಈ ಹೆಸರುಗಳ ಗೊಂದಲ ಹೊಸತಲ್ಲ. ಮದ್ದುಗಳನ್ನು ಕಂಪನಿಯ ಹೆಸರಿನಿಂದಲ್ಲ, ಮೂಲದ ಹೆಸರಿನಿಂದ ಮಾರುವ ಕಡೆಗೆ ನಡೆಯಬೇಕೆಂದು ಹಾಥಿ ಸಮಿತಿ 1975ರಲ್ಲಿಯೇ ಹೇಳಿತ್ತು. 1970ರ ಪೇಟೆಂಟ್ ಕಾಯಿದೆಯಿಂದಾಗಿ ನಮ್ಮ ದೇಶದ ಕಾರ್ಖಾನೆಗಳು ಅಗ್ಗದ ಮದ್ದು ತಯಾರಿಸಿ ಲೋಕಕ್ಕೆಲ್ಲ ಒದಗಿಸಿದವು. 2008ರಲ್ಲಿ ಜನೌಷಧಿ ಮಳಿಗೆಗಳು ಆರಂಭವಾದವು. 2025ರ ಸೆಪ್ಟೆಂಬರಿನಲ್ಲಿ ಬಹುಪಾಲು ಔಷಧಗಳ ಮೇಲಿನ ತೆರಿಗೆ ನೂರಕ್ಕೆ 12ರಿಂದ 5ಕ್ಕೆ ಇಳಿಯಿತು. ದೇಶದಲ್ಲಿ ಆರೋಗ್ಯಕ್ಕೆ ಖರ್ಚಾಗುವ ಪ್ರತಿ ನೂರು ರೂಪಾಯಿಯಲ್ಲಿ 2013-14ರಲ್ಲಿ ಸುಮಾರು 64 ರೂಪಾಯಿ ಜನರ ಕೈಯಿಂದಲೇ ಹೋಗುತ್ತಿತ್ತು. 2021-22ರ ಹೊತ್ತಿಗೆ ಅದು ಸುಮಾರು 39ಕ್ಕೆ ಇಳಿದಿತ್ತೆಂದು ಸರ್ಕಾರದ ಲೆಕ್ಕ ಹೇಳುತ್ತದೆ. ಇದು ಸಣ್ಣ ಮಾತಲ್ಲ.

ಆದರೂ ಒಂದು ವಿಪರ್ಯಾಸ ಉಳಿದಿದೆ. 2018ರಲ್ಲಿ ಬಂದ ಆಯುಷ್ಮಾನ್ ಯೋಜನೆ ಮುಖ್ಯವಾಗಿ ಆಸ್ಪತ್ರೆ ಸೇರಿದವರ ವೆಚ್ಚವನ್ನು ಭರಿಸುತ್ತದೆ. ಆಸ್ಪತ್ರೆ ಸೇರದಂತೆ ಕಾಯುವ ನಿತ್ಯದ ಗುಳಿಗೆಯ ವೆಚ್ಚವನ್ನಲ್ಲ. ಹಾಸಿಗೆ ಹಿಡಿದವನಿಗೆ ಕೈ ಚಾಚುವ ನಾವು, ನಡೆದಾಡುವವನು ಬೀಳದಂತೆ ಹಿಡಿಯುವುದನ್ನು ಮರೆಯುತ್ತೇವೆ. ಬೇನೆ ಒಂದಾದರೆ ಮನುಷ್ಯ ಹೇಗೋ ಸುಧಾರಿಸಿಕೊಂಡಾನು. ಮೂರು ನಾಲ್ಕು ಕೂಡಿದಾಗ ಆತ ತನ್ನ ಬೇನೆಗಳ ನಡುವೆ ತಾನೇ ನ್ಯಾಯಾಧೀಶನಾಗಬೇಕಾಗುತ್ತದೆ. ನೋವಿನಿಂದ ಕೂಗುವ ಬೇನೆಗೆ ಮದ್ದು, ಮೌನವಾದ ಬೇನೆಗೆ ಗಡುವು ಎಂದು ತೀರ್ಪು ಕೊಡುತ್ತಾನೆ. ಸಕ್ಕರೆಯಾಗಲಿ ರಕ್ತದೊತ್ತಡವಾಗಲಿ ಹೆಚ್ಚಾಗಿ ಮೌನವಾಗಿಯೇ ಕಣ್ಣು, ಮೂತ್ರಪಿಂಡ, ಹೃದಯಗಳನ್ನು ಸವೆಸುತ್ತವೆ. ಉಳಿಸಿದ ಕೆಲವು ರೂಪಾಯಿಗಳ ಬದಲಿಗೆ ಹೊಲವೇ ಒತ್ತೆ ಬೀಳುವುದುಂಟು. ಅತ್ತೆಯ ಮನೆಯಲ್ಲಿ ಆದದ್ದೂ ಅದೇ.

ಇದಕ್ಕೆ ಮನೆಯವರು ಮಾಡಬಹುದಾದುದು ಸ್ವಲ್ಪವಾದರೂ ಇದೆ. ವೈದ್ಯರ ಬಳಿ ಹೋಗುವಾಗ ಎಲ್ಲ ಚೀಟಿ, ಎಲ್ಲ ಗುಳಿಗೆಗಳನ್ನು ಒಂದೇ ಚೀಲದಲ್ಲಿ ಒಯ್ಯಿರಿ. "ಇಷ್ಟನ್ನು ಕೊಳ್ಳುವ ಶಕ್ತಿ ನಮಗಿಲ್ಲ" ಎಂದು ನಾಚಿಕೆಯಿಲ್ಲದೆ ಹೇಳಿರಿ. ಯಾವುದು ಅಗತ್ಯ, ಯಾವುದಕ್ಕೆ ಅಗ್ಗದ ಬದಲಿ ಉಂಟು, ಯಾವುದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಎಂದು ಕೇಳಿರಿ. ಬಿಡುವುದಿದ್ದರೆ ಅವರನ್ನು ಕೇಳಿಯೇ ಬಿಡಿರಿ.

ಎಲ್ಲಕ್ಕಿಂತ ಮಿಗಿಲಾಗಿ, ನಿಮ್ಮ ಮನೆಯ ಹಿರಿಯರ ಡಬ್ಬಿಯನ್ನು ಇಂದು ಸಂಜೆ ಒಮ್ಮೆ ತೆರೆದು ನೋಡಿರಿ. ಗುಳಿಗೆಗಳು ಎಣಿಕೆಗಿಂತ ಹೆಚ್ಚು ಉಳಿದಿದ್ದರೆ, ಪಟ್ಟಿಯಲ್ಲಿರುವ ಮದ್ದು ಡಬ್ಬಿಯಲ್ಲಿಯೇ ಇಲ್ಲದಿದ್ದರೆ, ಅದನ್ನು ಮರೆವೆಂದು ತಿಳಿಯಬೇಡಿರಿ. ಅಲ್ಲಿ ಯಾರಿಗೂ ಹೇಳದ ಒಂದು ಲೆಕ್ಕ ನಡೆದಿರಬಹುದು. ನನ್ನಂತೆ ನಕ್ಕು ಮುಚ್ಚಳ ಹಾಕಬೇಡಿರಿ.