ಹೃದ್ರೋಗದ ಆಸ್ಪತ್ರೆಯೂ ಗಡಿನಾಡಿನ ದಾರಿಯೂ
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಿಂದ ಭಾಷೆ, ಶಾಲೆ, ಸಾಹಿತ್ಯಗಳನ್ನು ಕುರಿತು ಮಾತನಾಡುವುದು ಕಾಸರಗೋಡಿನ ನಮ್ಮ ಸಂಘಗಳಲ್ಲಿ ನಡೆದುಬಂದ ಪದ್ಧತಿ. ನಿವೃತ್ತ ಮಾಸ್ತರನಾದ ನನಗೂ ಅದೇ ಸುಲಭವಾಗಿತ್ತು. ಆದರೆ ಕಾರ್ಯದರ್ಶಿಗಳು ವಿಷಯವನ್ನು ನನ್ನ ಇಚ್ಛೆಗೆ ಬಿಟ್ಟುದರಿಂದ, ವೈದ್ಯನಲ್ಲದಿದ್ದರೂ, ಹೃದ್ರೋಗದ ಆಸ್ಪತ್ರೆಯನ್ನೂ ಅಲ್ಲಿಗೆ ನಾವು ಹೋಗುವ ದಾರಿಯನ್ನೂ ಕುರಿತು ನಾಲ್ಕು ಮಾತು ಹೇಳುವ ಧೈರ್ಯ ಮಾಡಿದ್ದೇನೆ. ಈ ಪಾಠವನ್ನು ನಾನು ಕಲಿತದ್ದು ನಮ್ಮ ಮನೆಯಲ್ಲಿಯೆ.

ಕೆಲವು ವರ್ಷಗಳ ಹಿಂದೆ, ಅಡಿಕೆಗೆ ಮದ್ದು ಬಿಡುವ ಮಳೆಗಾಲದ ದಿನಗಳು. ಬೆಳಗಿನ ಜಾವ ನಾಲ್ಕು ಗಂಟೆಗೆ ನನ್ನ ಅಣ್ಣನಿಗೆ ಎದೆಯ ನಡುವೆ ಕಲ್ಲು ಹೇರಿದಂತಾಯಿತು; ಎಡತೋಳು ಜೋಮು ಹಿಡಿಯಿತು; ಮೈಯೆಲ್ಲ ತಣ್ಣನೆ ಬೆವರಿತು. ವಾಯುವಿನ ಬಾಧೆಯೆಂದು ನಾವೆಲ್ಲರೂ ನಿಶ್ಚಯಿಸಿದೆವು. ಅತ್ತಿಗೆ ಜೀರಿಗೆ ಕಷಾಯ ಕಾಸಿ ಕೊಟ್ಟರು. ನಾನು ಬೆನ್ನು ನೀವಿದೆನು. ಏಳು ಗಂಟೆಗೆ ಸಮೀಪದ ಚಿಕಿತ್ಸಾಲಯಕ್ಕೆ ಹೋದರೆ ಅಲ್ಲಿ ವೈದ್ಯರು ಬಂದಿರಲಿಲ್ಲ. ಇ.ಸಿ.ಜಿ. ತೆಗೆದಾಗ ಒಂಬತ್ತು, ಮಂಗಳೂರು ಮುಟ್ಟಿದಾಗ ಹನ್ನೊಂದು. ಅಣ್ಣ ಬದುಕಿ ಉಳಿದನು. ಆದರೆ ಪ್ರತಿ ಬಡಿತಕ್ಕೂ ತನ್ನಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ 55 ಪಾಲಿಗಿಂತ ಹೆಚ್ಚನ್ನು ಹೊರದೂಡಬೇಕಾದ ಹೃದಯ ಈಗ 35 ಪಾಲನ್ನು ದೂಡುತ್ತದೆ. ತೋಟದ ಕೆಳಗಣ ಕಟ್ಟದವರೆಗೆ ಇಳಿದವನು ಮೇಲೇರಿ ಬರಲಾರನು. ಏಳು ಗಂಟೆಗಳ ಕಾಲವನ್ನು ಕಳೆದವರು ನಾವು.

ಆ ಏಳು ಗಂಟೆಗಳಲ್ಲಿ ಒಳಗೆ ನಡೆದುದೇನು? ಹೃದಯವೂ ಒಂದು ಸ್ನಾಯು. ಅದಕ್ಕೆ ರಕ್ತವನ್ನೊದಗಿಸುವ ನಾಳಗಳು ಬೇರೆಯೆ ಉಂಟು. ಅವುಗಳ ಗೋಡೆಯಲ್ಲಿ ಕೊಬ್ಬು ಸೇರಿ, ಒಂದು ದಿನ ಅದರ ಪದರ ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಅರ್ಧ ಗಂಟೆಯೊಳಗಾಗಿ ಆ ಭಾಗದ ಸ್ನಾಯು ಸಾಯತೊಡಗುತ್ತದೆ. ಸತ್ತುದು ಮತ್ತೆ ಚಿಗುರುವುದಿಲ್ಲ. ನಾಳವನ್ನು ಮೊದಲ ಒಂದೆರಡು ಗಂಟೆಗಳಲ್ಲಿ ತೆರೆದರೆ ಬಹುಪಾಲು ಉಳಿಯುತ್ತದೆ. ಹನ್ನೆರಡು ಗಂಟೆಗಳ ತನಕವೂ ಪ್ರಯೋಜನ ಉಂಟಾದರೂ ಅದು ಗಂಟೆಗಂಟೆಗೂ ಕುಗ್ಗುತ್ತ ಹೋಗುತ್ತದೆ.

ತೆರೆಯುವ ಉಪಾಯಗಳು ಎರಡು. ಒಂದು, ಹೆಪ್ಪನ್ನು ಕರಗಿಸುವ ಚುಚ್ಚುಮದ್ದು. ಇನ್ನೊಂದು, ಕ್ಯಾತ್ ಲ್ಯಾಬ್ ಎಂದು ಕರೆಯುವ ಕೋಣೆಯಲ್ಲಿ ನಡೆಯುವ ಆಂಜಿಯೋಪ್ಲಾಸ್ಟಿ. ಮಣಿಕಟ್ಟಿನ ಇಲ್ಲವೆ ತೊಡೆಸಂದಿನ ನಾಳದೊಳಗಿಂದ ಸಣ್ಣ ನಳಿಕೆಯನ್ನು ಹೃದಯದವರೆಗೆ ನಡೆಸಿ, ಕ್ಷಕಿರಣದ ಪರದೆಯಲ್ಲಿ ನೋಡುತ್ತ, ಮುಚ್ಚಿದ ಕಡೆಯಲ್ಲಿ ಪುಟ್ಟ ಬುಗ್ಗೆಯೊಂದನ್ನು ಉಬ್ಬಿಸಿ, ಲೋಹದ ಬಲೆಯ ಕೊಳವೆಯನ್ನು ಅಲ್ಲಿ ಇರಿಸುತ್ತಾರೆ. ರೋಗಿ ಎಚ್ಚರದಿಂದಲೆ ಇರುತ್ತಾನೆ. 1977ರ ಸೆಪ್ಟೆಂಬರಿನಲ್ಲಿ ಜೂರಿಚ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯನು ಮನುಷ್ಯಹೃದಯದ ನಾಳದಲ್ಲಿ ಈ ಬುಗ್ಗೆಯನ್ನು ಮೊದಲ ಸಲ ಪ್ರಯೋಗಿಸಿದನು. ಆತ ಮೊದಮೊದಲ ಬುಗ್ಗೆಗಳನ್ನು ಮನೆಯ ಅಡುಗೆಕೋಣೆಯ ಮೇಜಿನ ಮೇಲೆ ತಯಾರಿಸುತ್ತಿದ್ದನಂತೆ! ಅಡುಗೆಮನೆಯಲ್ಲಿ ನಾವು ಕಷಾಯದ ಆಚೆ ಯೋಚಿಸಲಿಲ್ಲ.

ಈ ಸೌಕರ್ಯವುಳ್ಳ ಆಸ್ಪತ್ರೆಗೆ ರೋಗಿ ಬಂದ ಹತ್ತು ನಿಮಿಷಗಳೊಳಗೆ ಇ.ಸಿ.ಜಿ. ಆಗಬೇಕು, 90 ನಿಮಿಷಗಳೊಳಗೆ ನಾಳ ತೆರೆಯಬೇಕು ಎಂಬುದು ವೈದ್ಯಲೋಕದ ಗುರಿ. ರೋಗ ಗುರುತಿಸಿದ ಎರಡು ಗಂಟೆಗಳೊಳಗೆ ಅಂಥ ಕಡೆಯಲ್ಲಿ ನಾಳ ತೆರೆಯುವುದು ಸಾಧ್ಯವಿಲ್ಲವೆಂದಾದರೆ, ತಕ್ಕ ರೋಗಿಗೆ ಹತ್ತಿರದ ಆಸ್ಪತ್ರೆಯಲ್ಲಿಯೆ ಕರಗಿಸುವ ಮದ್ದನ್ನು ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳುಹಿಸತಕ್ಕದ್ದು. ಪೆರ್ಲ, ಮುಳ್ಳೇರಿಯಗಳ ಕಡೆಯವರು ಈ ಮಾತನ್ನು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು. “ಇಲ್ಲೆಲ್ಲ ಏಕೆ, ನೇರವಾಗಿ ಮಂಗಳೂರಿಗೇ ಹೋಗೋಣ” ಎಂಬ ನಮ್ಮ ಹಠ ಕೆಲವು ಸಲ ಸ್ನಾಯುವನ್ನು ಕೊಲ್ಲುತ್ತದೆ.

ಮಂಗಳೂರು ನಮ್ಮ ಬಾಯಿಗೆ ಮೊದಲು ಬರುವುದು ಸಹಜವೆ. 1956ರ ನವೆಂಬರ್ 1ರವರೆಗೆ ಅದೇ ನಮ್ಮ ಜಿಲ್ಲೆಯ ಮುಖ್ಯಪಟ್ಟಣವಾಗಿತ್ತು. ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರು. ಪರಿಯಾರದ ವೈದ್ಯಕೀಯ ಕಾಲೇಜು ದಕ್ಷಿಣಕ್ಕೆ ಇನ್ನೂ ದೂರ. ರೋಗಿಗಳ ದಾರಿ ರಾಜ್ಯದ ಗೆರೆಯನ್ನು ಕೇಳಿ ನಡೆದುದಲ್ಲ. ಆದರೆ 2020ರ ಮಾರ್ಚಿಯಲ್ಲಿ ಆ ಗೆರೆ ಎದ್ದು ನಿಂತಿತು. ಕೋವಿಡಿನ ಭಯದಿಂದ ಕರ್ನಾಟಕದ ಕಡೆಯಿಂದ ಗಡಿಯ ರಸ್ತೆಗಳಿಗೆ ಮಣ್ಣು ಬಿತ್ತು. ತಲಪಾಡಿಯಲ್ಲಿ ಆಂಬುಲೆನ್ಸುಗಳು ನಿಂತವು. ಮಂಗಳೂರಿನ ಚಿಕಿತ್ಸೆಯನ್ನೆ ನಂಬಿದ್ದ ಹಲವರು ಈಚೆಯಲ್ಲಿಯೆ ತೀರಿಕೊಂಡರು. ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯ ತಡೆಗಳನ್ನು ತೆರವು ಮಾಡಿಸಬೇಕೆಂದು ಕೇಂದ್ರಕ್ಕೆ ಆದೇಶವಿತ್ತಿತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಿ, ತುರ್ತುರೋಗಿಗಳನ್ನು ಬಿಡುವ ಕ್ರಮಕ್ಕೆ ಎರಡು ರಾಜ್ಯಗಳೂ ಒಪ್ಪಿದುವೆಂದು ಏಪ್ರಿಲ್ 7ರಂದು ಅಲ್ಲಿ ತಿಳಿಸಲಾಯಿತು. ಕನ್ನಡಿಗರೆಂದು ನಾವು ಆ ಕಡೆಗೆ ಎಷ್ಟು ಪ್ರೀತಿಯಿಂದ ನೋಡುತ್ತೇವೆ! ಆ ದಿನಗಳ ನೋವನ್ನು ಮುಚ್ಚಿಡುವುದು ಪ್ರಾಮಾಣಿಕತೆಯಾಗದು.

ಅದೇ ಮಂಗಳೂರಿನಿಂದ ಬಂದ ಉಪಕಾರವನ್ನೂ ಹೇಳಬೇಕು. ಹೃದ್ರೋಗತಜ್ಞರಾದ ಡಾ. ಪದ್ಮನಾಭ ಕಾಮತರು 2018ರಲ್ಲಿ ಮೊದಲುಮಾಡಿದ ಒಂದು ಯೋಜನೆಯಲ್ಲಿ ಹಳ್ಳಿಯ ವೈದ್ಯರಿಗೆ ಇ.ಸಿ.ಜಿ. ಯಂತ್ರಗಳನ್ನು ಕೊಡಿಸಿದರು. ಹಳ್ಳಿಯಲ್ಲಿ ತೆಗೆದ ಪಟ್ಟಿಯ ಚಿತ್ರ ವಾಟ್ಸಾಪಿನಲ್ಲಿ ತಜ್ಞರಿಗೆ ತಲುಪುತ್ತದೆ. ಸ್ವಲ್ಪ ಹೊತ್ತಿನಲ್ಲಿ ಸಲಹೆ ಬರುತ್ತದೆ. 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ತೀರಿಕೊಂಡ ನಟ ಪುನೀತ್ ರಾಜಕುಮಾರರ ಹೆಸರಿನಲ್ಲಿ ಕರ್ನಾಟಕ ಸರ್ಕಾರ ತಾಲೂಕು ಆಸ್ಪತ್ರೆಗಳಲ್ಲಿ ಕೈಕೊಂಡ ಯೋಜನೆಯೂ ಇದೇ ಬಗೆಯದು. ಬೆಲೆಬಾಳುವ ಕರಗಿಸುವ ಮದ್ದನ್ನು ಅಲ್ಲಿ ಉಚಿತವಾಗಿ ಕೊಡುತ್ತಾರೆ. ಪಟ್ಟಿಯನ್ನು ಓದುವವನು ಎಲ್ಲಿದ್ದರೂ ಸರಿ, ತೆಗೆಯುವ ಯಂತ್ರ ನಮ್ಮ ಸಮೀಪ ಇರಬೇಕು. ನಮಗೆ ಅತ್ಯಂತ ಹತ್ತಿರದಲ್ಲಿ ಅದು ಎಲ್ಲಿದೆ, ರಾತ್ರಿಯೂ ತೆಗೆಯುತ್ತಾರೆಯೆ ಎಂಬುದು ಈ ಸಭೆಯಲ್ಲಿ ಎಷ್ಟು ಮಂದಿಗೆ ಗೊತ್ತು?

ಇನ್ನು ಭಾಷೆಯ ಮಾತು. ಅದಿಲ್ಲದೆ ಮಾಸ್ತರನ ಭಾಷಣ ಮುಗಿಯುವುದುಂಟೆ? ಎದೆಯ ಬೇನೆಯಲ್ಲಿ ರೋಗಿ ಹೇಳುವ ಮೊದಲ ಮಾತೇ ಪರೀಕ್ಷೆಯ ಅರ್ಧಭಾಗ. ಹಿಂಡಿದಂತೆ, ಭಾರ ಹೇರಿದಂತೆ, ಉರಿದಂತೆ, ಚುಚ್ಚಿದಂತೆ — ಇವು ನಾಲ್ಕೂ ಬೇರೆ ಬೇರೆ. ನಮ್ಮ ಮುದುಕರು ಕನ್ನಡ, ತುಳುಗಳಲ್ಲಿ ಹೇಳಿದುದು ಮಲಯಾಳ ಮಾತ್ರ ಬಲ್ಲ ದಾದಿಯ ಕಿವಿಯಲ್ಲಿ “ಎದೆನೋವು” ಎಂದಷ್ಟೆ ಉಳಿಯುತ್ತದೆ, ಇಲ್ಲವೆ “ಗ್ಯಾಸ್” ಆಗುತ್ತದೆ. ತಾಯಂದಿರ ವಿಷಯ ಇನ್ನೂ ಸೂಕ್ಷ್ಮ. ಅವರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ನೋವು ತೋರದೆ, ಏದುಸಿರು, ವಾಕರಿಕೆ, ದವಡೆಯ ಸೆಳೆತ, ಅಕಾರಣವಾದ ಬಳಲಿಕೆ ಮಾತ್ರ ಕಾಣಬಹುದು. ಮನೆಕೆಲಸದ ಆಯಾಸವೆಂದು ಅವರೇ ಅದನ್ನು ನುಂಗಿಕೊಳ್ಳುತ್ತಾರೆ.

ಆಸ್ಪತ್ರೆ ಬಿಡುವಾಗ ಕೊಡುವ ಚೀಟಿ ಇಂಗ್ಲಿಷಿನಲ್ಲಿ. ಕೊಳವೆ ಇಟ್ಟವರಿಗೆ ರಕ್ತ ಹೆಪ್ಪುಗಟ್ಟದಂತೆ ಎರಡು ಬಗೆಯ ಗುಳಿಗೆಗಳನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ನೋವಿಲ್ಲವಲ್ಲಾ ಎಂದು ನನ್ನ ಅಣ್ಣ ಮೂರನೆಯ ತಿಂಗಳಿನಲ್ಲಿ ಒಂದನ್ನು ಬಿಟ್ಟಿದ್ದನು. ವೈದ್ಯರ ಮಾತಿಲ್ಲದೆ ಬಿಟ್ಟರೆ ಕೊಳವೆಯೊಳಗೇ ಹೆಪ್ಪು ಕಟ್ಟೀತೆಂದು ಅವನಿಗೆ ತಿಳಿಯುವ ಭಾಷೆಯಲ್ಲಿ ಯಾರೂ ಹೇಳಿರಲಿಲ್ಲ. ಮದ್ದಿನ ಅಂಗಡಿಯ ಹುಡುಗ ಲೆಕ್ಕ ತಪ್ಪಿತೆಂದು ಕೇಳಿದುದರಿಂದ ತಿಳಿಯಿತು. ಆ ಹುಡುಗನಿಗೆ ನಾವು ಋಣಿಗಳು.

ಹಣದ ವಿಷಯ ಸಂಕ್ಷೇಪವಾಗಿ ಹೇಳುತ್ತೇನೆ. 2017ರ ಫೆಬ್ರವರಿಯಲ್ಲಿ ಕೇಂದ್ರದ ಬೆಲೆ ಪ್ರಾಧಿಕಾರ ಮದ್ದು ಲೇಪಿಸಿದ ಕೊಳವೆಗೆ 29,600 ರೂಪಾಯಿಗಳ ಮಿತಿ ಹಾಕಿತು. ಆಮೇಲೆ ಆ ಮಿತಿ ಪರಿಷ್ಕಾರವಾಗುತ್ತ ಬಂದಿದೆ. ಅದಕ್ಕೆ ಮೊದಲು ಲಕ್ಷ ದಾಟುತ್ತಿದ್ದುದುಂಟು. ಆದರೆ ಕೇರಳದ ಚಿಕಿತ್ಸಾಕಾರ್ಡು ಗಡಿಯಾಚೆಯ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆಂಬುದನ್ನು ರೋಗ ಬರುವ ಮೊದಲೆ ವಿಚಾರಿಸಿಡಬೇಕು.

ಸಂಘದಲ್ಲಿ ನನ್ನ ಬಿನ್ನಹ ಒಂದೇ. ಹತ್ತಿರದ ಇ.ಸಿ.ಜಿ. ಎಲ್ಲಿ, ಕರಗಿಸುವ ಮದ್ದು ಎಲ್ಲಿ, ಹಗಲೂ ರಾತ್ರಿಯೂ ಕ್ಯಾತ್ ಲ್ಯಾಬ್ ಎಲ್ಲಿ ತೆರೆದಿರುತ್ತದೆ, 108ರ ಹೊರತು ಯಾವ ಆಂಬುಲೆನ್ಸು ಒದಗುತ್ತದೆ — ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯಾಗಿ ಅಚ್ಚುಹಾಕಿಸಿ ಮನೆಮನೆಗೆ ಹಂಚಬೇಕು. ಬೇನೆಯ ನಾಲ್ಕು ಮಾತುಗಳಿಗೆ ಮಲಯಾಳ ಪದಗಳನ್ನೂ ಅದರಲ್ಲಿ ಕೊಡಬೇಕು. ಆರು ತಿಂಗಳಿಗೊಮ್ಮೆ ತಿದ್ದಬೇಕು. ಕರಡನ್ನು ಬರೆದು ತಂದಿದ್ದೇನೆ. ಸಭೆ ಮುಗಿದ ಮೇಲೆ ವೈದ್ಯಮಿತ್ರರು ಐದು ನಿಮಿಷ ನಿಂತು ಅದರ ತಪ್ಪುಗಳನ್ನು ತಿದ್ದಿಕೊಟ್ಟರೆ ನಾಳೆಯೆ ಮುದ್ರಣಾಲಯಕ್ಕೆ ಒಯ್ಯುತ್ತೇನೆ.